ಹಿಂಗಾರಿ ಹಂಗಾಮಿನ ಗಾಳ: ಆಲಮಟ್ಟಿ, ಹಿಡಕಲ್, ನವಿಲುತೀರ್ಥದಲ್ಲಿ ನೀರು ನೋಡಿ ಎರೆ ಆರಿಸುವ ಬಗೆ

ಸೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆವರೆಗಿನ ದಿನಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಗಾಳ ಹಾಕುವವರಿಗೆ ವರ್ಷದ ಒಳ್ಳೆಯ ಕಾಲ. ಜಲಾಶಯಗಳು ತುಂಬಿರುತ್ತವೆ, ಹೊಳೆಯ ಕೆಂಪು ನೀರು ತಿಳಿಯಾಗುತ್ತ ಬಂದಿರುತ್ತದೆ, ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಸೊರಗಿದ ಮೀನು ಮತ್ತೆ ಮೈ ತುಂಬಿಕೊಳ್ಳಲು ಮೇಯುತ್ತಿರುತ್ತದೆ. ಆದರೂ ಬಹಳ ಜನ ಬರಿಗೈಯಲ್ಲಿ ವಾಪಸಾಗುತ್ತಾರೆ. ಕಾರಣ ಒಂದೇ: ದಸರೆಯಲ್ಲಿ ಕಚ್ಚಿದ ಹಿಟ್ಟನ್ನೇ ಡಿಸೆಂಬರಿನಲ್ಲೂ ಕಟ್ಟುತ್ತಾರೆ. ಈ ಎರಡೂವರೆ ತಿಂಗಳಲ್ಲಿ ನೀರಿನ ಬಣ್ಣ, ಮಟ್ಟ, ಬಿಸಿ ಮೂರೂ ಬದಲಾಗುತ್ತವೆ. ಯಾವ ಮೀನಿಗೆ ಯಾವ ಎರೆ (ಗಾಳಕ್ಕೆ ಕಟ್ಟುವ ತಿನಿಸು) ಎಂದು ಕೇಳುವ ಮೊದಲು ಇವತ್ತು ನೀರು ಹೇಗಿದೆ ಎಂದು ನೋಡಬೇಕು. ಎರೆ ಆಮೇಲಿನ ಮಾತು.

ಮೊದಲು ಅನುಮತಿ

ಆಲಮಟ್ಟಿ, ನಾರಾಯಣಪುರ, ಹಿಡಕಲ್, ನವಿಲುತೀರ್ಥ ಜಲಾಶಯಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅಲ್ಲಿನ ಕಟ್ಲಾ, ರೋಹು ಮೀನುಗಳು ಅವರು ದುಡ್ಡು ಕೊಟ್ಟು ಬಿಟ್ಟ ಮರಿಗಳಿಂದ ಬೆಳೆದವು, ಹಾಗಾಗಿ ಅವರನ್ನು ಕೇಳದೆ ಗಾಳ ಹಾಕುವುದು ಕಳ್ಳತನವೇ. ಊರ ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಧೂಪದಾಳದ ಒಡ್ಡಿನ ನೀರು ಘಟಪ್ರಭಾ ಪಕ್ಷಿಧಾಮಕ್ಕೆ ಸೇರಿದ್ದು, ಅಲ್ಲಿ ಬೇಡ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪದಲ್ಲೂ ಬೇಡ. ಅಣೆಕಟ್ಟಿನ ಗೇಟಿನ ಕೆಳಗೆ, ಜಾಕ್‌ವೆಲ್ (ನೀರೆತ್ತುವ ಬಾವಿ) ಹತ್ತಿರ, ಕೂಡಲಸಂಗಮದಂಥ ಕಡೆ ಭಕ್ತರು ಮುಳುಗು ಹಾಕುವ ಘಟ್ಟಗಳಲ್ಲಿ ಗಾಳ ಬಿಚ್ಚಬೇಡಿ.

ನೀರು ಓದುವುದು

ದಡಕ್ಕೆ ಹೋದ ತಕ್ಷಣ ರಾಡ್ ಬಿಚ್ಚದೆ ಹದಿನೈದು ನಿಮಿಷ ಈ ಕೆಲಸಕ್ಕೆ ಕೊಡಿ.

ಬಣ್ಣ ಅಳೆಯಲು ಊಟದ ಡಬ್ಬಿಯ ಸ್ಟೀಲ್ ಮುಚ್ಚಳ ಸಾಕು. ಅದಕ್ಕೆ ತೂತು ಕೊರೆದು ದಾರ ಕಟ್ಟಿ, ಕೆಳಗೆ ಒಂದು ಸೀಸದ ಗುಂಡು ಸೇರಿಸಿ, ದಾರಕ್ಕೆ ಪ್ರತಿ 10 ಸೆಂ.ಮೀ.ಗೆ ಒಂದು ಗಂಟು ಹಾಕಿ. ನೆರಳಿನ ಕಡೆಯಿಂದ ನೀರಿಗೆ ಇಳಿಬಿಟ್ಟು ಮುಚ್ಚಳ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆ ನೋಡಿ. 30 ಸೆಂ.ಮೀ. ಒಳಗೇ ಮರೆಯಾದರೆ ಅದು ರಾಡಿ ನೀರು. ಮೀನು ಕಣ್ಣಿಗಿಂತ ಮೂಗಿನಿಂದ, ಮೀಸೆಯಿಂದ ಆಹಾರ ಹುಡುಕುತ್ತದೆ, ವಾಸನೆ ಗಟ್ಟಿಯಿರುವ ದೊಡ್ಡ ಎರೆ ಬೇಕು. 30ರಿಂದ 80 ಸೆಂ.ಮೀ. ನಡುವೆ ಇದ್ದು ನೀರು ಸ್ವಲ್ಪ ಹಸಿರಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಆ ಹಸಿರೇ ಕಟ್ಲಾದ ಮೇವು. ಒಂದು ಮೀಟರಿಗಿಂತ ಆಳಕ್ಕೂ ಮುಚ್ಚಳ ಹೊಳೆಯುತ್ತಿದ್ದರೆ ನೀರು ತೀರಾ ತಿಳಿ. ತೆಳು ದಾರ, ಸಣ್ಣ ಗಾಳ, ಸಣ್ಣ ಎರೆ, ದೂರದ ಎಸೆತ ಬೇಕಾಗುತ್ತದೆ. ದಡದ ಮೇಲೆ ನಿಮ್ಮ ನೆರಳು ಆಡಿದರೂ ಮೀನು ಸರಿದುಹೋಗುತ್ತದೆ.

ಮಟ್ಟ ನೋಡಲು ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ಜಲಾಶಯಗಳ ಮಟ್ಟ ದಿನಪತ್ರಿಕೆಗಳಲ್ಲೂ ಬರುತ್ತದೆ, ಹೊರಡುವ ಮೊದಲಿನ ಮೂರ್ನಾಲ್ಕು ದಿನದ ಅಂಕಿ ಹೋಲಿಸಿ. ಆಲಮಟ್ಟಿಯ ತುಂಬುಮಟ್ಟ 519.60 ಮೀಟರ್. ಅಕ್ಟೋಬರಿನಲ್ಲಿ ನೀರು ಅದರ ಆಸುಪಾಸಿನಲ್ಲಿ ನಿಂತಿದ್ದರೆ ಮೀನು ಮುಳುಗಿದ ಹೊಲದ ಅಂಚು, ಹುಲ್ಲು, ಜಾಲಿ ಕಂಟಿಯ ಬುಡಕ್ಕೆ ಬಂದು ಮೇಯುತ್ತದೆ, 1ರಿಂದ 2 ಮೀಟರ್ ಆಳ ಸಾಕು. ಹಿಂಗಾರಿ ಪೈರಿಗೆ ಕಾಲುವೆ ಬಿಟ್ಟು ಮಟ್ಟ ಇಳಿಯತೊಡಗಿದರೆ ಲೆಕ್ಕ ಬದಲಾಗುತ್ತದೆ. ಇಲ್ಲಿನ ಕಪ್ಪು ಎರೆಮಣ್ಣಿನ ಹೊಲದ ಇಳಿಜಾರು ಬಹಳ ಸಪಾಟು. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ದಡದಲ್ಲಿ 10 ಸೆಂ.ಮೀ. ನೀರು ಇಳಿದರೆ ಅಂಚು 5 ಮೀಟರ್ ಹಿಂದೆ ಸರಿಯುತ್ತದೆ. ಮೀನಿಗೆ ಇದು ತಿಳಿಯುತ್ತದೆ, ತೆಳು ನೀರಿನಲ್ಲಿ ಸಿಕ್ಕಿಬೀಳಲು ಅದು ಕಾಯುವುದಿಲ್ಲ. ಹಳೆಯ ಹಳ್ಳದ ಪಾತ್ರ, ಮುಳುಗಿದ ರಸ್ತೆಯ ಪಕ್ಕದ ಗುಂಡಿ, ಒಡ್ಡಿನ ಕಡಿದಾದ ಬದಿಗೆ ಇಳಿಯುತ್ತದೆ. ಹೋದ ವಾರ ಕಚ್ಚಿದ ಜಾಗದಲ್ಲಿ ಈ ವಾರ ಏನೂ ಇಲ್ಲ ಎನ್ನುವವರು ಹೆಚ್ಚಾಗಿ ಈ ಇಳಿತವನ್ನು ಲೆಕ್ಕಕ್ಕೆ ತಗೊಂಡಿರುವುದಿಲ್ಲ.

ಬಿಸಿಗೆ ಒಂದು ಸಾದಾ ಥರ್ಮಾಮೀಟರ್ ದಾರಕ್ಕೆ ಕಟ್ಟಿ ಮೊಣಕಾಲುದ್ದ ಆಳದಲ್ಲಿ ಎರಡು ನಿಮಿಷ ಇಡಿ. 25 ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ ಕಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಜಾತಿಯವು ಚುರುಕಾಗಿ ಮೇಯುತ್ತವೆ, ಹಿಟ್ಟು ಕೆಲಸ ಮಾಡುತ್ತದೆ. 22ರ ಹತ್ತಿರ ಇಳಿದರೆ ಹಸಿವು ಕಡಿಮೆಯಾಗುತ್ತದೆ, ಎರೆಯನ್ನು ಅರ್ಧಕ್ಕೆ ಇಳಿಸಿ, ಹಿಟ್ಟಿಗಿಂತ ಹುಳುವಿಗೆ ಹೊರಳಿ. 20ಕ್ಕಿಂತ ಕೆಳಗೆ ಕಟ್ಲಾ, ರೋಹುವಿನ ಆಸೆ ಬಿಟ್ಟು ಸಾಮಾನ್ಯ ಗೆಂಡೆಗೆ ಕೂರುವುದೇ ಜಾಣತನ, ಅದು ಚಳಿ ತಡೆಯುತ್ತದೆ.

ಗಾಳಿಯನ್ನೂ ನೋಡಿ. ಮುಂಗಾರು ಹಿಂದೆ ಸರಿದ ಮೇಲೆ ನಮ್ಮ ಕಡೆ ಮೂಡಣ ಗಾಳಿ ಹೆಚ್ಚು. ಅದು ಮೇಲ್ಪದರದ ಹಸಿರನ್ನು ಪಡುವಣ ದಡಕ್ಕೆ ತಳ್ಳುತ್ತದೆ, ಕಟ್ಲಾ ಅದರ ಹಿಂದೆ ಹೋಗುತ್ತದೆ. ಮುಖಕ್ಕೆ ಗಾಳಿ ಬಡಿದು ಎಸೆಯುವುದು ಕಷ್ಟವಾದರೂ ಅಲ್ಲೇ ಕೂರಿ.

ಜಾಗದಿಂದ ಜಾಗಕ್ಕೆ ಬೇರೆ ಲೆಕ್ಕ

ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ 123 ಟಿಎಂಸಿ ನೀರಿನ, ಬಹಳ ಹರವಾದ ಹಿನ್ನೀರು. ಬಾಗಲಕೋಟೆ ಬದಿಯ ಘಟಪ್ರಭೆಯ ತೋಳಿನಲ್ಲಿ ಹಳೆಯ ಗೋಡೆ, ಕಂಟಿ, ಕಲ್ಲುಗಳು ಮುಳುಗಿವೆ. ಮೀನಿಗೆ ಅವು ಆಸರೆ, ಗಾಳಕ್ಕೆ ಅವೇ ಕಂಟಕ. ಇಲ್ಲಿ ಸೀಸವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟಬೇಡಿ, ಒಂದು ಗೇಣು ತೆಳು ದಾರದಲ್ಲಿ ಬೇರೆಯಾಗಿ ನೇತುಬಿಡಿ. ಸೀಸ ಸಿಕ್ಕಿಕೊಂಡರೆ ಆ ತೆಳು ದಾರ ಹರಿದು ಸೀಸ ಮಾತ್ರ ಹೋಗುತ್ತದೆ, ಗಾಳವೂ ಮೀನೂ ಉಳಿಯುತ್ತವೆ.

ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಘಟ್ಟದ ಸೆರಗಿನದು. ಅಲ್ಲಿ ದಡದಿಂದ ಸ್ವಲ್ಪ ದೂರಕ್ಕೇ ಆಳ ಸಿಗುವ ಜಾಗಗಳಿವೆ. ನೀರು ಬೇಗ ತಿಳಿಯಾಗುತ್ತದೆ, ರಾತ್ರಿ ಚಳಿಯೂ ವಿಜಯಪುರಕ್ಕಿಂತ ಮೊದಲೇ ಹಿಡಿಯುತ್ತದೆ. ದೀಪಾವಳಿ ಹೊತ್ತಿಗೇ ತೆಳು ದಾರಕ್ಕೆ ಇಳಿಯಬೇಕಾಗುವುದು ಇಲ್ಲಿ. ನವಿಲುತೀರ್ಥದ ಮಲಪ್ರಭಾ ಜಲಾಶಯ ಪ್ರತಿವರ್ಷ ತುಂಬುವುದಿಲ್ಲ. ತುಂಬದ ವರ್ಷ ಹಿನ್ನೀರಿನ ತುದಿಯಲ್ಲಿ ಕೆಸರು ಬಯಲೇ ಉಳಿಯುವುದರಿಂದ ಅಲ್ಲಿನ ತೆಳುನೀರು ಬಿಟ್ಟು ಅಣೆಕಟ್ಟಿನತ್ತ, ನಿಷೇಧವಿರುವ ಜಾಗಕ್ಕೆ ಹೋಗದೆ, ಆಳ ಹುಡುಕಿ.

ವಿಜಯಪುರದ ಭೂತನಾಳ, ಆದಿಲಶಾಹಿ ಕಾಲದ ಮಮದಾಪುರದಂಥ ಕೆರೆಗಳು ಬೇರೆ ಜಾತಿ. ಏತ ನೀರಾವರಿ ಕಾಲುವೆಯಿಂದ ತುಂಬಿಸುವ ಕೆರೆಯಾದರೆ ನೀರು ಬೀಳುವ ಬಾಯಿಯ ಹತ್ತಿರ ತಾಜಾ ಗಾಳಿ ಬೆರೆತ ನೀರಿರುತ್ತದೆ, ಮೀನು ಅಲ್ಲಿ ಗುಂಪುಗೂಡುತ್ತದೆ. ಮೋಡ ಕವಿದ ಬೆಳಿಗ್ಗೆ ಕಳೆ ತುಂಬಿದ ಕೆರೆಯಲ್ಲಿ ಮೀನು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕ ಕಡಿಮೆಯಾದ ಗುರುತು. ಬಿಸಿಲೇರುವವರೆಗೆ ಕಚ್ಚುವುದಿಲ್ಲ. ಆಗ ಮೇವು ಎರಚಿದರೆ ಅದು ತಳದಲ್ಲಿ ಕೊಳೆತು ಕೆರೆಯನ್ನು ಇನ್ನಷ್ಟು ಕೆಡಿಸುತ್ತದೆ.

ಸಾಮಾನು

ಗೆಂಡೆ ಜಾತಿಗೆ 8ರಿಂದ 10 ಅಡಿಯ ಮಧ್ಯಮ ಬಿರುಸಿನ ಸ್ಪಿನ್ನಿಂಗ್ ರಾಡ್, 4000 ಅಳತೆಯ ರೀಲ್, 0.30ರಿಂದ 0.35 ಮಿ.ಮೀ. ನೈಲಾನ್ ದಾರ. ತಿಳಿನೀರಿಗೆ 0.25. ಕಟ್ಲಾಕ್ಕೆ 2 ಅಥವಾ 4ನೇ ನಂಬರ್ ಗಾಳ, ರೋಹು ಮತ್ತು ಸಾಮಾನ್ಯ ಗೆಂಡೆಗೆ 4 ಅಥವಾ 6, ಮೃಗಾಲ್‌ಗೆ 6 ಅಥವಾ 8, ಜಿಲೇಬಿಗೆ (ತಿಲಾಪಿಯಾ) 10 (ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು). ಗಂಟು ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಿ. ಒಣಗಂಟು ಉಜ್ಜಿದ ಬಿಸಿಗೆ ಸುಟ್ಟು ಅಲ್ಲೇ ಹರಿಯುತ್ತದೆ. ರೀಲಿನ ಬಿಗಿತವನ್ನು ದಾರದ ಬಲದ ಮೂರನೇ ಒಂದು ಪಾಲಿಗೆ ಇಡಿ: 9 ಕೆಜಿ ತಡೆಯುವ ದಾರವಾದರೆ ಕೊಕ್ಕೆ ತಕ್ಕಡಿಯಲ್ಲಿ ಎಳೆದಾಗ 3 ಕೆಜಿಗೆ ದಾರ ಬಿಚ್ಚಿಕೊಳ್ಳಬೇಕು.

ಬೆಂಡು ಕೊಳ್ಳಬೇಕಾಗಿಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ಬೆರಳುದ್ದ ಕತ್ತರಿಸಿ. ಕರಗಿದ ಮೇಣದಲ್ಲಿ ಎರಡು ಸಲ ಅದ್ದಿ ಆರಿಸಿ. ಮೇಣ ಹಾಕದಿದ್ದರೆ ನೀರು ಕುಡಿದು ಭಾರವಾಗುತ್ತದೆ, ಮೃಗಾಲ್‌ನ ಸಣ್ಣ ಎಳೆತ ಅದರಲ್ಲಿ ಕಾಣುವುದಿಲ್ಲ. ತುದಿಗೆ ಕೆಂಪು ಬಣ್ಣ ಹಚ್ಚಿ. ನೀರಿಗಿಟ್ಟಾಗ ಬೆರಳಗಲ ಮಾತ್ರ ಮೇಲೆ ಕಾಣುವಷ್ಟು ಸೀಸ ಕಚ್ಚಿಸಿ, ಅದಕ್ಕಿಂತ ಹೆಚ್ಚು ಎದ್ದು ನಿಂತರೆ ಮೀನಿಗೆ ಬೆಂಡಿನ ಭಾರ ತಾಗಿ ಎರೆ ಉಗುಳುತ್ತದೆ.

ಆಳ ಅಳೆಯುವುದು ಹೀಗೆ. ಗಾಳಕ್ಕೆ ಬೆಂಡನ್ನು ಮುಳುಗಿಸುವಷ್ಟು ಭಾರದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು ಮುಳುಗಿದರೆ ನೀರು ಇನ್ನೂ ಆಳವಿದೆ, ಬೆಂಡನ್ನು ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ದಾರ ಹೆಚ್ಚಾಗಿದೆ, ಕೆಳಕ್ಕೆ ಸರಿಸಿ. ತುದಿ ಮಾತ್ರ ಕಂಡಾಗ ಅದೇ ತಳ. ಮೃಗಾಲ್, ಸಾಮಾನ್ಯ ಗೆಂಡೆಗೆ ಎರೆ ತಳಕ್ಕೆ ತಾಗಿರಬೇಕು. ರೋಹುವಿಗೆ ತಳದಿಂದ ಒಂದು ಗೇಣು, ಎರಡು ಗೇಣು ಮೇಲೆ. ಕಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ತಳ ಕೆದಕುವ ಮೀನಲ್ಲ. ಬೆಚ್ಚಗಿನ ದಿನ ನೀರಿನ ಮೇಲಿನಿಂದ ಒಂದೂವರೆ ಮೀಟರ್ ಒಳಗೇ ಎರೆ ತೂಗಲಿ.

ಮೇವು ಹಾಕುವುದು

ಮೇವು ಮೀನನ್ನು ಜಾಗಕ್ಕೆ ಕರೆಯಬೇಕು, ಹೊಟ್ಟೆ ತುಂಬಿಸಬಾರದು. ಶೇಂಗಾ ಹಿಂಡಿ ಅರ್ಧ ಕೆಜಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ. ಅದಕ್ಕೆ ಗೋಧಿ ಬೂಸಾ 300 ಗ್ರಾಂ, ಜೋಳದ ಹಿಟ್ಟು 200 ಗ್ರಾಂ, ದಡದ ಜಿಗುಟು ಮಣ್ಣು ಒಂದು ಕೆಜಿ ಸೇರಿಸಿ ಕಿತ್ತಳೆ ಗಾತ್ರದ ಉಂಡೆ ಕಟ್ಟಿ. ಒಂದು ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ಗಡಿಯಾರ ನೋಡಿ. ಬೀಳುತ್ತಲೇ ಒಡೆದರೆ ತಳ ಮುಟ್ಟುವ ಮೊದಲೇ ಚೆಲ್ಲಾಪಿಲ್ಲಿಯಾಗಿ ಸಣ್ಣ ಮೀನಿನ ಪಾಲಾಗುತ್ತದೆ, ಇನ್ನಷ್ಟು ಹಿಟ್ಟು ಸೇರಿಸಿ. ಇಪ್ಪತ್ತು ನಿಮಿಷವಾದರೂ ಕಲ್ಲಿನಂತೆ ಕೂತಿದ್ದರೆ ಬೂಸಾ ಹೆಚ್ಚಿಸಿ. ಏಳೆಂಟು ನಿಮಿಷದಲ್ಲಿ ಅಂಚಿನಿಂದ ಉದುರುತ್ತ ಬಂದರೆ ಹದ ಸರಿ. ಅಕ್ಟೋಬರಿನಲ್ಲಿ ಮೊದಲಿಗೆ ಆರು ಉಂಡೆ, ಆಮೇಲೆ ಅರ್ಧ ಗಂಟೆಗೆ ಒಂದು. ನವೆಂಬರ್ ಕೊನೆಗೆ ಮೊದಲಿಗೆ ಎರಡೇ. ಎಲ್ಲವೂ ಒಂದೇ ಜಾಗಕ್ಕೆ ಬೀಳಲಿ, ಆಚೆ ದಡದ ಒಂದು ಗಿಡವನ್ನು ಗುರುತಿಟ್ಟುಕೊಂಡು ಎಸೆಯಿರಿ.

ಗಾಳಕ್ಕೆ ಕಟ್ಟುವ ಎರೆ

ಹಿಟ್ಟಿನ ಎರೆಗೆ ಗೋಧಿ ಹಿಟ್ಟು 200 ಗ್ರಾಂ, ಪುಟಾಣಿ ಹಿಟ್ಟು 100 ಗ್ರಾಂ, ಜರಡಿ ಹಿಡಿದ ಶೇಂಗಾ ಹಿಂಡಿ ಪುಡಿ 100 ಗ್ರಾಂ, ಒಂದು ಚಮಚ ಸೋಂಪಿನ ಪುಡಿ. ನಿಂಬೆ ಗಾತ್ರದ ಬೆಲ್ಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಹಾಕುತ್ತ ಹತ್ತು ನಿಮಿಷ ನಾದಿ. ಒಮ್ಮೆಲೇ ನೀರು ಸುರಿದರೆ ಪುಟಾಣಿ ಹಿಟ್ಟು ಅಂಟಾಗಿ ಕೈಗೇ ಹತ್ತುತ್ತದೆ. ಚಪಾತಿ ಕಣಕಕ್ಕಿಂತ ತುಸು ಗಟ್ಟಿಯಿರಲಿ, ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಕೊನೆಗೆ ಒಂದು ಚಿಟಿಕೆ ಅರಳೆಯನ್ನು ಎಳೆಎಳೆಯಾಗಿ ಬಿಡಿಸಿ ಸೇರಿಸಿ ನಾದಿ. ಎಸೆದಾಗ ಹಿಟ್ಟು ಗಾಳದಿಂದ ಹಾರಿಹೋಗದಂತೆ ಹಿಡಿಯುವುದು ಈ ಎಳೆಗಳೇ. ಗಾಳದ ಮೊನೆ ಮಾತ್ರ ಹೊರಗೆ ಇಣುಕಲಿ, ಪೂರ್ತಿ ಮುಚ್ಚಿದರೆ ಎಳೆದಾಗ ಚುಚ್ಚುವುದಿಲ್ಲ.

ರಾಡಿ ನೀರಿಗೆ ಇದೇ ಹಿಟ್ಟಿಗೆ ಚಿಟಿಕೆ ಇಂಗು, ಹುರಿದ ಮೆಂತ್ಯದ ಪುಡಿ ಸೇರಿಸಿ ನಿಂಬೆ ಗಾತ್ರ ಕಟ್ಟಿ. ತಿಳಿನೀರಿಗೆ ಅವೆರಡೂ ಬೇಡ, ಕಡಲೆಕಾಳಿನ ಗಾತ್ರ ಸಾಕು. ವಾಸನೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಬಲವಾಗಿದೆ, ಅದು ತಪ್ಪು. ತಿಳಿನೀರಿನಲ್ಲಿ ಮೀನು ಹತ್ತಿರ ಬಂದು ನೋಡಿ ನಿರ್ಧರಿಸುತ್ತದೆ, ಅಲ್ಲಿ ಗಾತ್ರವೇ ಮುಖ್ಯ.

ಕಟ್ಲಾ ಎರೆಯನ್ನು ಕಚ್ಚಿ ಹರಿಯುವುದಿಲ್ಲ, ಉದುರುವ ಪುಡಿಯನ್ನು ಹೀರುತ್ತದೆ. ಅದಕ್ಕೆಂದೇ ಸಡಿಲವಾಗಿ ಕಟ್ಟಿದ ಒಂದು ದೊಡ್ಡ ಉಂಡೆಯ ಸುತ್ತ ಒಂದೊಂದು ಗೇಣಿನ ದಾರದಲ್ಲಿ ನಾಲ್ಕು ಗಾಳ ಬಿಡುತ್ತಾರೆ. ಉಂಡೆ ಕರಗುತ್ತಿದ್ದಂತೆ ಪುಡಿಯ ಜೊತೆಗೆ ಗಾಳವೂ ಬಾಯಿಗೆ ಹೋಗುತ್ತದೆ. ಇಲ್ಲಿ ಅರಳೆ ಹಾಕಿ ಗಟ್ಟಿ ಮಾಡಿದರೆ ಇಡೀ ದಿನ ಕೂತರೂ ಪ್ರಯೋಜನವಿಲ್ಲ.

ಸಾಮಾನ್ಯ ಗೆಂಡೆಗೆ ಗೋವಿನಜೋಳವನ್ನು ಮೀರಿಸುವ ಎರೆಯಿಲ್ಲ. 24 ಗಂಟೆ ನೆನೆಸಿ, ಸಿಪ್ಪೆ ಒಡೆಯುವವರೆಗೆ ಸುಮಾರು 40 ನಿಮಿಷ ಬೇಯಿಸಿ, ಅದೇ ನೀರಿನಲ್ಲಿ ಎರಡು ದಿನ ಹುಳಿಯಲು ಬಿಡಿ. ಹಸಿ ಕಾಳನ್ನು ಎಂದಿಗೂ ಎರಚಬೇಡಿ, ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಎರಡು ಕಾಳು ಗಾಳಕ್ಕೆ ಪೋಣಿಸಿದರೆ ಸಣ್ಣ ಮೀನಿನ ಕಾಟವೂ ತಪ್ಪುತ್ತದೆ.

ಚಿತ್ತಾ, ಸ್ವಾತಿ ಮಳೆ ಜೋರಾಗಿ ಬಂದರೆ ಈ ಹಿಟ್ಟಿನ ಲೆಕ್ಕವನ್ನೆಲ್ಲ ಬದಿಗಿಡಿ. ಹಳ್ಳ ಬಂದು ಹಿನ್ನೀರು ಸೇರುವ ಬಾಯಿಯಲ್ಲಿ ಹೊಲದ ಹುಳು ಹುಪ್ಪಟೆ ಕೊಚ್ಚಿ ಬರುತ್ತವೆ. ರಾಡಿಯೂ ತಿಳಿಯೂ ಕೂಡುವ ಗೆರೆ ಕಣ್ಣಿಗೆ ಕಾಣುತ್ತದೆ, ಆ ಗೆರೆಯ ತಿಳಿ ಬದಿಗೆ ಎರೆಹುಳು ಬಿಡಿ. ಮೃಗಾಲ್, ಗಿರ್ಲು (ಮೀಸೆಯಿರುವ ಮುಳ್ಳುಮೀನು), ಸಾಮಾನ್ಯ ಗೆಂಡೆ ಮೂರೂ ಬರುತ್ತವೆ. ಎರೆಹುಳು ತಿಪ್ಪೆಯ ಒದ್ದೆ ಬುಡದಲ್ಲಿ ಸಿಗುತ್ತದೆ. ತಿಪ್ಪೆಯ ಮಣ್ಣಿನೊಡನೆಯೇ ಮಣ್ಣಿನ ಗಡಿಗೆಯಲ್ಲಿಟ್ಟು ಒದ್ದೆ ಗೋಣಿ ಮುಚ್ಚಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಸಿಲಿಗೆ ಬಿಟ್ಟರೆ ಬೆಂದು ನಾರುತ್ತದೆ, ಸತ್ತ ಹುಳುವನ್ನು ಗಿರ್ಲು ಬಿಟ್ಟರೆ ಬೇರೆ ಯಾವ ಮೀನೂ ಮುಟ್ಟುವುದಿಲ್ಲ. ಗಿರ್ಲುವಿಗೆ ಕೋಳಿಯ ಕರುಳು, ಯಕೃತ್ತೂ ಆಗುತ್ತದೆ. ಅದನ್ನು ಬಿಡಿಸುವಾಗ ಎದೆಬದಿಯ ಮುಳ್ಳು ಜೋಪಾನ, ಚುಚ್ಚಿದರೆ ಉರಿ ಗಂಟೆಗಟ್ಟಲೆ ಇರುತ್ತದೆ. ಹೊಲದಂಚಿನ ಸಣ್ಣ ಮಿಡತೆ ಜಿಲೇಬಿಗೂ ಚಪ್ಪಲಿ ಮೀನಿಗೂ ಇಷ್ಟ.

ಕೊರವ ಮೀನಿಗೆ ಕಳೆ, ಆಪಿನ ನಡುವಿನ ತೆರಪುಗಳಲ್ಲಿ ರಬ್ಬರ್ ಕಪ್ಪೆ ಎಳೆಯಿರಿ. ಬದುಕಿದ ದೊಡ್ಡ ಗೂಳಿಗಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವುದು ಕ್ರೂರ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಹೆಣೆದ ದಾರ ಕನಿಷ್ಠ 15 ಕೆಜಿಯದಿರಲಿ, ಇಲ್ಲವಾದರೆ ಕಳೆಯೊಳಗೆ ನುಗ್ಗಿದ ಮೀನು ಹೊರಬರುವುದಿಲ್ಲ. ಕಚ್ಚಿದ ಸದ್ದಿಗೆ ಬೆಚ್ಚಿ ತಕ್ಷಣ ಎಳೆಯಬೇಡಿ, ಒಂದೆರಡು ಎಣಿಸಿ, ದಾರ ಭಾರವಾದ ಮೇಲೆ ಎಳೆಯಿರಿ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳಿಸುತ್ತಿದ್ದರೆ ಕೆಳಗೆ ಕಾವಲಿಗೆ ತಾಯಿ ತಂದೆ ಇರುತ್ತವೆ. ಆ ಜಾಗ ಬಿಟ್ಟುಬಿಡಿ. ಅವನ್ನು ಹಿಡಿದರೆ ಮರಿಗಳಷ್ಟೂ ಬೇರೆ ಮೀನಿಗೆ ಆಹಾರವಾಗುತ್ತವೆ. ಹೊಳೆಯ ಆಳದ ಮಡುವಿನಲ್ಲಿ ಬಾಳೆ ಮೀನಿಗೆ ಕೂರುವವರು ಗಾಳಕ್ಕೆ ಮೊದಲು ಒಂದು ಗೇಣು ಸ್ಟೀಲ್ ತಂತಿ ಕಟ್ಟಬೇಕು, ಅದರ ಹಲ್ಲುಸಾಲು ನೈಲಾನನ್ನು ಕತ್ತರಿಸಿಹಾಕುತ್ತದೆ.

ಕಚ್ಚಿದ್ದು ತಿಳಿಯುವುದು

ಬೆಂಡು ಟಕಟಕ ಕುಣಿದರೆ ಜಿಲೇಬಿಯೋ ಮರಿಗಳೋ. ಎರೆ ದೊಡ್ಡದು ಮಾಡಿ ಇಲ್ಲವೇ ಗೋವಿನಜೋಳಕ್ಕೆ ಹೋಗಿ. ಎರಡು ಸಲ ಅದುರಿ ಅಡ್ಡಡ್ಡ ಸರಿದರೆ ಸಾಮಾನ್ಯ ಗೆಂಡೆ, ಅದಕ್ಕೂ ಮೊದಲು ತಳದಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ನಿಧಾನಕ್ಕೆ ಒಂದೇ ಕಡೆ ಎಳೆದುಕೊಂಡು ಹೋದರೆ ಮೃಗಾಲ್. ಬೆಂಡು ಮುಳುಗುವ ಬದಲು ಮೇಲೆದ್ದು ಮಲಗಿದರೆ ಎರೆಯನ್ನು ಬಾಯಲ್ಲಿಟ್ಟ ಮೀನು ಮೇಲಕ್ಕೆ ಬಂದಿದೆ, ಹೆಚ್ಚಾಗಿ ಕಟ್ಲಾ. ಸಡಿಲ ದಾರ ಸುತ್ತಿಕೊಂಡು ಆಮೇಲೆ ಎಳೆಯಿರಿ. ಕಟ್ಲಾದ ತುಟಿ ಮೆತ್ತಗೆ, ಜಗ್ಗಿದರೆ ಗಾಳ ಹರಿದುಕೊಂಡು ಬರುತ್ತದೆ. ದಡಕ್ಕೆ ತಂದ ಮೇಲೆ ದಾರ ಹಿಡಿದು ಎತ್ತಬೇಡಿ, ಬಲೆಚೀಲವನ್ನು ನೀರಿನಲ್ಲಿ ಮುಳುಗಿಸಿಟ್ಟು ತಲೆಯ ಕಡೆಯಿಂದ ಒಳಗೆ ಬಿಡಿ.

ಎಚ್ಚರ

ಕೃಷ್ಣೆಯಲ್ಲೂ ಅದರ ಹಿನ್ನೀರಿನಲ್ಲೂ ಮೊಸಳೆಗಳಿವೆ. ಚಳಿ ಹೆಚ್ಚಾದಂತೆ ಅವು ಬಿಸಿಲಿಗೆ ದಡಕ್ಕೆ ಬರುತ್ತವೆ. ಕೆಸರಿನಲ್ಲಿ ಅಗಲವಾಗಿ ಜಾರಿದ ಗುರುತು, ನಡುವೆ ಬಾಲ ಎಳೆದ ಗೆರೆ ಕಂಡರೆ ಅಲ್ಲಿ ಕೂರಬೇಡಿ. ಹಿಡಿದ ಮೀನನ್ನು ಚೀಲದಲ್ಲಿ ಕಟ್ಟಿ ಕಾಲಬುಡದ ನೀರಿನಲ್ಲಿ ಬಿಡುವುದು, ದಡದಲ್ಲೇ ಕೊಯ್ದು ಕರುಳು ನೀರಿಗೆಸೆಯುವುದು ಮೊಸಳೆಯನ್ನು ಕರೆದಂತೆ. ಮಂಜುಗಡ್ಡೆ ಹಾಕಿದ ಡಬ್ಬದಲ್ಲಿ ದಡದ ಮೇಲಿಡಿ. ನೀರು ಇಳಿದ ಎರೆಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಸೊಂಟದವರೆಗೆ ಹುದುಲಿರಬಹುದು. ಕೈಕೋಲು ಊರಿ ನೋಡಿ ಹೆಜ್ಜೆಯಿಡಿ, ಒಬ್ಬರೇ ಹೋಗಬೇಡಿ. ಹರಿದ ದಾರವನ್ನು ಅಲ್ಲೇ ಬಿಸಾಡಬೇಡಿ, ಚಳಿಗಾಲಕ್ಕೆ ಬರುವ ಹಕ್ಕಿಗಳ ಕಾಲಿಗೆ ಸುತ್ತಿ ಕೊಲ್ಲುತ್ತದೆ.

ಹೊತ್ತು ಮತ್ತು ಡಿಸೆಂಬರಿನ ಬದಲಾವಣೆ

ದೀಪಾವಳಿವರೆಗೆ ಸೂರ್ಯ ಹುಟ್ಟಿದ ಹೊತ್ತಿನಿಂದ ಒಂಬತ್ತೂವರೆವರೆಗೆ, ಸಂಜೆ ನಾಲ್ಕರ ಮೇಲೆ ಒಳ್ಳೆಯದು. ಚಳಿ ಬಿದ್ದ ಮೇಲೆ ನಸುಕಿನಲ್ಲಿ ಹೋಗಿ ನಡುಗುವುದರಲ್ಲಿ ಅರ್ಥವಿಲ್ಲ. ದಡದ ನೀರು ಬಿಸಿಲಿಗೆ ಒಂದೆರಡು ಡಿಗ್ರಿ ಏರಬೇಕು, ಅದು ಹತ್ತರ ಮೇಲೆ. ಹತ್ತರಿಂದ ಹನ್ನೆರಡೂವರೆ, ಮತ್ತೆ ಮೂರರಿಂದ ಐದು. ಬಿಸಿಲು ನೇರ ಬೀಳುವ, ಮೂಡಣ ಗಾಳಿಗೆ ಮರೆಯಿರುವ, ಕಪ್ಪು ತಳದ ಮೂಲೆ ಹುಡುಕಿ, ಕಪ್ಪು ಮಣ್ಣು ಬೇಗ ಕಾಯುತ್ತದೆ. ಗಾಳ ಎರಡು ನಂಬರ್ ಸಣ್ಣದು, ದಾರ 0.25, ಒಂದೇ ಎರೆಹುಳು ಅಥವಾ ಒಂದೇ ಕಾಳು ಗೋವಿನಜೋಳ, ಮೇವಿನ ಉಂಡೆ ದಿನಕ್ಕೆ ಎರಡು. ಒಂದು ಗಂಟೆ ಬೆಂಡು ಅಲುಗದಿದ್ದರೆ ಎರೆ ಬದಲಿಸುವುದಕ್ಕಿಂತ ಮೊದಲು ಅರ್ಧ ಮೀಟರ್ ಹೆಚ್ಚಿನ ಆಳಕ್ಕೆ ಸರಿಯಿರಿ.